ಹೆರ್ವಾಲ್ಡನ ಗಂಟಲಲ್ಲಿದ್ದವರು

ಹೆರ್ವಾಲ್ಡ್ ನಮ್ಮ ಊರಿಗೆ ಬಂದ ದಿನ ನಾನು ಜೇನು ಕುದಿಸುತ್ತಿದ್ದೆ. ದೊಡ್ಡಮನೆಗೆ ಜೇನಿನ ಹೆಂಡ ಮಾಡಿಕೊಡುವುದು ನನ್ನ ಕೆಲಸ. ನನಗಿಂತ ಮೊದಲು ಅದು ನನ್ನ ಅತ್ತೆಯ ಕೆಲಸವಾಗಿತ್ತು. ದೊಡ್ಡಮನೆಯೆಂದರೆ ದಿಬ್ಬದ ಮೇಲಿರುವ ನಮ್ಮ ಒಡೆಯರ ಮನೆ. ದೋಣಿಯೊಂದನ್ನು ಬೋರಲು ಹಾಕಿದಂತೆ ಉದ್ದಕ್ಕೆ ಕಾಣುವ ಮರದ ಕಟ್ಟಡ. ಒಳಗೆ ನಡುವೆ ಬೆಂಕಿ, ಎರಡು ಬದಿಗೂ ಬೆಂಚು. ಒಡೆಯರ ಉಪ್ಪುಂಡ ಈಟಿಯವರು ಅಲ್ಲೇ ಕೂತು ಕುಡಿಯುತ್ತಾರೆ, ಅಲ್ಲೇ ಮಲಗುತ್ತಾರೆ. ಕೆಳಗೆ, ಹೊಳೆ ಸಮುದ್ರ ಸೇರುವ ಕಡೆ, ಜೊಂಡಿನ ನಡುವೆ ನಮ್ಮ ಮನೆಗಳು. ನನ್ನ ಹೆಸರು ರೂನಾ. ಆಗ ಮನೆಯಲ್ಲಿ ನಾನು, ಅತ್ತೆ, ನನ್ನ ಮಗ ಟೋವಿ, ಮೂವರೇ.

ಹೆರ್ವಾಲ್ಡನ ಹೆಸರು ಕೇಳದವರು ಆ ಸೀಮೆಯಲ್ಲಿ ಇರಲಿಲ್ಲ. ಎಲ್ಲ ಒಡೆಯರ ಮನೆಗಳಲ್ಲೂ ಹಾಡುಗಾರರು ಅವನನ್ನು ಹಾಡುತ್ತಿದ್ದರು. ಮಂಜುಗಡ್ಡೆಯ ಮೇಲೆ ಒಬ್ಬನೇ ನಿಂತು ಒಂದು ಇಡೀ ದಂಡನ್ನು ತಡೆದದ್ದು, ಮುರಿದ ಗುರಾಣಿಯಲ್ಲೇ ರಾಜಕುಮಾರನೊಬ್ಬನನ್ನು ಉಳಿಸಿದ್ದು, ಹೀಗೆ. ನಮ್ಮ ಊರಿಗೆ ಮಾತ್ರ ಅವನು ಹಾಡಿನ ಮನುಷ್ಯನಾಗಿರಲಿಲ್ಲ. ಹೊಳೆ ದಾಟುವ ಕಡವಿನಲ್ಲಿ ನಡೆದ ಯುದ್ಧದಲ್ಲಿ ನಮ್ಮವರನ್ನು ಕೊಂದವನು ಅವನೇ. ಆಗ ಅವನು ಬಡಗಣ ರಾಜನ ಪರವಾಗಿದ್ದ. ಮನೆಗೊಬ್ಬರಂತೆ ಹೋದವರಲ್ಲಿ ಬಹಳ ಜನ ತಿರುಗಿ ಬರಲಿಲ್ಲ. ನನ್ನ ಗಂಡ ಆಲ್ರಿಕ್ ಅವರಲ್ಲಿ ಒಬ್ಬ. ಅವನ ಹೆಣ ಸಿಕ್ಕಿತು, ಮಣ್ಣು ಮಾಡಿದೆವು. ದನಿ ಮಾತ್ರ ಹೆರ್ವಾಲ್ಡನ ಜೊತೆ ಹೋಯಿತು.

ನಮ್ಮಲ್ಲಿ ಹಾಗೆ. ಕೊಂದವನ ಗಂಟಲಿಗೆ ಸತ್ತವನ ದನಿ ಬರುತ್ತದೆ. ಮಾತು ಕೊಂದವನದೇ, ದನಿ ಮಾತ್ರ ಇನ್ನೊಬ್ಬನದು. ಯುದ್ಧದಿಂದ ಬಂದ ಗಂಡಸರು ಕೆಲವು ದಿನ ಬಾಯಿ ಬಿಡುವುದಿಲ್ಲ. ಹೆಂಡತಿಯರೂ ಬಲವಂತ ಮಾಡುವುದಿಲ್ಲ. ನಮ್ಮ ನೆರೆಯ ಐನಾರ್ ಅಂಥ ಒಂದು ಯುದ್ಧದಿಂದ ಬಂದಾಗ ಅವನ ಆ ದಪ್ಪ ಮೈಯೊಳಗಿಂದ ಮೀಸೆ ಬಾರದ ಹುಡುಗನ ತೆಳು ದನಿ ಬರುತ್ತಿತ್ತು. ಅವನ ಮಕ್ಕಳು ಮೊದಲು ನಕ್ಕರು, ಆಮೇಲೆ ಅತ್ತರು, ಆಮೇಲೆ ಮರೆತರು. ಒಂದು ದಿನ ಹೊಳೆಯಾಚೆಯ ಹೆಂಗಸೊಬ್ಬಳು ಬಂದು ಅವನ ಬೇಲಿಯ ಹೊರಗೆ ಕೂತಳು. ಯಾರೆಂದು ಯಾರೂ ಕೇಳಲಿಲ್ಲ. ಐನಾರ್‌ನ ಹೆಂಡತಿ ಅವಳಿಗೆ ಒಂದು ಬಟ್ಟಲು ಹಾಲು ಕೊಟ್ಟಳು. ಐನಾರ್ ಆ ದಿನ ಸಂಜೆಯವರೆಗೂ ಎತ್ತುಗಳನ್ನು ಬೈಯುತ್ತಲೇ ಇದ್ದ. ಬೈಯಲು ಏನೂ ಉಳಿಯದಾದಾಗ ಅವುಗಳ ಹೆಸರನ್ನೇ ಮತ್ತೆ ಮತ್ತೆ ಕರೆದ. ಅವಳು ಎದ್ದು ಹೋದ ಮೇಲೆ ನಿಲ್ಲಿಸಿದ.

ಒಬ್ಬನನ್ನು ಕೊಂದವನ ಪಾಡು ಇದಾದರೆ ಹೆರ್ವಾಲ್ಡನ ಪಾಡು ಹೇಗಿದ್ದಿರಬೇಕು. ಅವನ ಗಂಟಲಲ್ಲಿ ಒಂದು ಊರೇ ಇದೆ, ಬೇಕೆಂದ ದನಿಯನ್ನು ಬೇಕೆಂದಾಗ ಎತ್ತಿಕೊಳ್ಳಬಲ್ಲ ಎಂದು ಹಾಡುಗಾರರು ಹೇಳುತ್ತಿದ್ದರು. ಅವನು ಎತ್ತಿಕೊಂಡದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ, ಯಾಕೆಂದರೆ ಅವನು ಮಾತಾಡುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಬಡಗಣ ರಾಜ ಮುಪ್ಪಾಗಿ ಸತ್ತ. ಅವನ ಮಕ್ಕಳಿಗೂ ಹೆರ್ವಾಲ್ಡನಿಗೂ ಸರಿಬರಲಿಲ್ಲ. ಅದು ತಿಳಿದದ್ದೇ ತಡ, ನಮ್ಮ ಒಡೆಯರಾದ ಓಸ್ಮಂಡರು ಅವನಿಗೆ ಚಿನ್ನದ ತೋಳಬಳೆ ಕಳಿಸಿ ಕರೆಸಿಕೊಂಡರು. ನಮ್ಮ ಮನೆಗಳನ್ನು ಬರಿದು ಮಾಡಿದವನು ಹೀಗೆ ನಮ್ಮ ದೊಡ್ಡಮನೆಯ ಮೊದಲ ಬೆಂಚಿನಲ್ಲಿ ಬಂದು ಕೂತ. ನಾನು ಅವನ ಬಟ್ಟಲಿಗೆ ಹೆಂಡ ಸುರಿಯಬೇಕಾಯಿತು. ಬಟ್ಟಲು ತುಂಬಿದ ಮೇಲೂ ಸುರಿದೆ. ಹೆಂಡ ಮೇಜಿನ ಮೇಲೆ ಹರಿದು ಅವನ ತೊಡೆಯ ಮೇಲೆ ಬಿತ್ತು. ಅವನು ನನ್ನ ಮುಖ ನೋಡಿದ, ಸತ್ತವರಲ್ಲೊಬ್ಬನ ಮನೆಯವಳೆಂದು ಗೊತ್ತಾದವನ ಹಾಗೆ ಕಣ್ಣು ಕೆಳಗೆ ಹಾಕಿದ, ತೋಳಿನಿಂದ ಒರೆಸಿಕೊಂಡ. ವಯಸ್ಸಾಗಿತ್ತು. ಒಂದು ಕಿವಿ ಅರ್ಧ ಇರಲಿಲ್ಲ.

ಮನೆಗೆ ಬಂದರೆ ಅತ್ತೆ ದಿನವೂ ಕೇಳುವುದು ಒಂದೇ, ಅವನು ಏನಾದರೂ ಮಾತಾಡಿದನೇ ಎಂದು. ಇಲ್ಲ ಎಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಟೋವಿ ಕೇಳುತ್ತಿರಲಿಲ್ಲ, ಆದರೆ ಬಲೆ ನೇಯುವುದನ್ನು ಬಿಟ್ಟು ದೊಡ್ಡಮನೆಯ ಅಂಗಳದಲ್ಲಿ ಸುಳಿದಾಡತೊಡಗಿದ್ದ. ಅಪ್ಪ ಸತ್ತಾಗ ಅವನು ಹೊಟ್ಟೆಯಲ್ಲಿದ್ದ. ಅಪ್ಪನ ದನಿ ಹೇಗಿತ್ತು ಎಂದು ಚಿಕ್ಕವನಿದ್ದಾಗ ಕೇಳುತ್ತಿದ್ದ. ದನಿಯನ್ನು ಹೇಗೆಂದು ಹೇಳುವುದು? ಒಳ್ಳೆಯ ದನಿ ಎಂದಷ್ಟೇ ಹೇಳುತ್ತಿದ್ದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಒಡೆಯರ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. ಅವರು ಯಾರನ್ನೂ ಗದರುವವರಲ್ಲ. ಅವರ ದನಿ ಹದವಾಗಿ ಕಾಯಿಸಿದ ಜೇನಿನ ಹಾಗಿತ್ತು. ಆ ದಿನ ಊಟದ ಹೊತ್ತಿನಲ್ಲಿ, ನಾನು ಬಟ್ಟಲು ತುಂಬಿಸುತ್ತಿರುವಾಗಲೇ, ಹೆರ್ವಾಲ್ಡನಿಗೆ ಹೇಳಿದರು. ಬಡಗಣ ರಾಜನ ಮಕ್ಕಳು ಇನ್ನೂ ಎಳೆಯರು, ಹೊಳೆ ದಾಟಲು ಇದೇ ಸಮಯ. ಆದರೆ ಕಡವಿನ ಹೆಸರೆತ್ತಿದರೆ ಊರಿನ ಗಂಡಸರು ನೆಲ ನೋಡುತ್ತಾರೆ. ಒತ್ತಾಯದಿಂದ ಎಳೆದುಕೊಂಡು ಹೋದ ದಂಡು ಗೆಲ್ಲುವುದಿಲ್ಲ. ಅದಕ್ಕೆ ದಂಡು ಕೂಡುವ ದಿನ ಹೆರ್ವಾಲ್ಡ್ ಮೆಟ್ಟಿಲ ಮೇಲೆ ನಿಂತು ಕರೆಯಬೇಕು. ಸತ್ತ ಒಬ್ಬೊಬ್ಬ ಅಪ್ಪನ ದನಿಯಲ್ಲೂ ಅವನವನ ಮಗನನ್ನು ಹೆಸರು ಹಿಡಿದು ಕರೆಯಬೇಕು. ಬಾ ಮಗನೇ, ನನ್ನ ಜಾಗ ಖಾಲಿ ಇದೆ, ಬಂದು ತುಂಬು, ಎನ್ನಬೇಕು. ಯಾವ ದನಿ ಯಾರದು, ಮಗನ ಹೆಸರೇನು ಎಂದು ತಾವೇ ಹೇಳಿಕೊಡುತ್ತೇವೆ ಎಂದರು.

ಹೆರ್ವಾಲ್ಡ್ ತೋಳಿನ ಬಳೆಯ ಮೇಲೆ ಕೈ ಇಟ್ಟ. ಒಡೆಯರ ಬಳೆ ತೊಟ್ಟವನು ಹಾಗೆ ಮಾಡಿದರೆ ಒಪ್ಪಿದ ಎಂದೇ ಅರ್ಥ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು, ಕರೆಯಲಿ ಬಿಡು, ಸಾಯುವ ಮೊದಲು ಒಂದು ಸಲ ನನ್ನ ಮಗನ ದನಿ ಕೇಳಿದ ಹಾಗಾಗುತ್ತದೆ ಎಂದರು. ಅದಕ್ಕೆ ಮೊಮ್ಮಗನನ್ನು ಕೊಡುತ್ತೀರಾ ಎಂದು ನಾನು ಕೇಳಿದೆ. ಮಾತಿಗೆ ಮಾತು ಬೆಳೆಯಿತು. ಬಾಗಿಲಲ್ಲಿ ಟೋವಿ ನಿಂತಿದ್ದನ್ನು ಇಬ್ಬರೂ ನೋಡಿರಲಿಲ್ಲ. ಅವನಿಗೆ ಕೋಪ ಬಂದಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅವನ ಮುಖ ಅರಳಿತ್ತು.

"ಅಪ್ಪ ಕರೆದ್ರೆ ಹೋಗದೆ ಇರೋಕಾಗುತ್ತಾ ಅವ್ವ?" ಎಂದ.

ಮಾರನೆಯ ದಿನ ಮಧ್ಯಾಹ್ನ ನಾನೇ ಹೆರ್ವಾಲ್ಡನನ್ನು ಹುಡುಕಿಕೊಂಡು ಹೋದೆ. ಅವನು ಹೊಳೆಯ ದಂಡೆಯಲ್ಲಿ ಕುದುರೆಯ ಮೈ ತಿಕ್ಕುತ್ತಿದ್ದ. ನನ್ನನ್ನು ಕಂಡು ಹುಲ್ಲಿನ ಸಿಂಬಿಯನ್ನು ಕೆಳಗಿಟ್ಟ. ಅವನ ತುಟಿ ಅಲ್ಲಾಡಿತು, ಗಂಟಲ ಗಂಟು ಮೇಲೆ ಬಂತು. ನಾನು ತಟ್ಟನೆ ಕೈ ಎತ್ತಿದೆ.

"ಆಲ್ರಿಕ್‌ನ ದನಿ ತೆಗೀಬೇಡ. ನಂಗೆ ಬೇಡ."

ಅವನು ತಡೆದುಕೊಂಡ. ಆಮೇಲೆ ಬೇರೊಂದು ದನಿ ಬಂತು. ಯಾವುದೋ ದೂರ ದೇಶದ ಮುದುಕನದು; ಮಾತಿನ ಏರಿಳಿತ ನಮ್ಮ ಕಡೆಯದಲ್ಲ. "ಹೇಳಿ ತಾಯಿ" ಎಂದ.

ಒಡೆಯರು ಹೇಳಿಕೊಟ್ಟದ್ದನ್ನು ನನ್ನ ಗಂಡನ ದನಿಯಲ್ಲಿ ಹೇಳುವುದು ನಿಜವೇ ಎಂದು ಕೇಳಿದೆ. ಆಣೆ ಮಾಡಿದ್ದೇನೆ, ಬಳೆ ತೆಗೆದುಕೊಂಡಿದ್ದೇನೆ ಎಂದ. ತನ್ನ ಜೀವಮಾನದಲ್ಲಿ ಕೊಟ್ಟ ಆಣೆಯನ್ನು ಒಂದನ್ನೂ ಮುರಿದಿಲ್ಲ, ಉಳಿದಿರುವುದು ಅದೊಂದೇ ಎಂದ. ಅದನ್ನು ಹೆಮ್ಮೆಯಿಂದ ಹೇಳಲಿಲ್ಲ. ಸುಸ್ತಾದವನು ತನ್ನ ಊರು ಯಾವುದೆಂದು ಹೇಳುವ ಹಾಗೆ ಹೇಳಿದ.

"ದನಿ ನೀನು ಕಿತ್ಕೊಂಡೆ, ಅದು ನಿನ್ನ ಹತ್ರ ಇದೆ. ಮಾತು ಅವನದು. ಅವನು ಆಡದ ಮಾತನ್ನ ಅವನ ದನೀಲಿ ಆಡಿದ್ರೆ ಇನ್ನೊಂದು ಸಲ ಕೊಂದ ಹಾಗೆ. ಒಂದು ಸಲ ಯುದ್ಧದಲ್ಲಿ ಕೊಂದೆ. ಅದಕ್ಕೆ ಹಾಡು ಕಟ್ಟಿದ್ರು. ಇದಕ್ಕೆ ಯಾರು ಕಟ್ತಾರೆ?"

ಅವನು ಹೊಳೆಯ ಕಡೆ ನೋಡಿದ. ಒಡೆಯನಿಲ್ಲದ ಯೋಧ ಏನಾಗುತ್ತಾನೆ ಗೊತ್ತೇ ತಾಯಿ ಎಂದು ಕೇಳಿದ. ಬೆಂಚಿಲ್ಲ, ಬೆಂಕಿಯಿಲ್ಲ, ಯಾರ ಬಾಗಿಲೂ ಅವನಿಗೆ ತೆರೆಯುವುದಿಲ್ಲ, ಮಂಜಿನಲ್ಲಿ ನಾಯಿಯ ಹಾಗೆ ಅಲೆಯುತ್ತಾನೆ ಎಂದ.

"ಗಂಡ ಇಲ್ಲದ ಹೆಂಗಸು ಏನಾಗ್ತಾಳೋ ಅದೇ ಆಗ್ತಾನೆ" ಎಂದೆ. "ಕೆಲಸ ಮಾಡ್ಕೊಂಡು ಬದುಕ್ತಾನೆ."

ಅವನು ಸಿಂಬಿಯನ್ನು ಎತ್ತಿಕೊಂಡು ಕುದುರೆಯ ಕಡೆ ತಿರುಗಿದ. ಅವನ ಮನಸ್ಸು ಕರಗುತ್ತದೆ ಎಂಬ ಆಸೆ ನನಗೇನೂ ಇರಲಿಲ್ಲ. ಹಿಂತಿರುಗಿ ಬರುವ ದಾರಿಯಲ್ಲೇ ನನ್ನ ಕೈಯಲ್ಲಿ ಏನಿದೆ ಎಂದು ಯೋಚಿಸಿದೆ. ನನ್ನ ಕೈಯಲ್ಲಿದ್ದದ್ದು ಹೆಂಡ. ದಂಡು ಕೂಡಿದಾಗ ಪ್ರತಿಯೊಬ್ಬ ಗಂಡಸೂ ಆಣೆಯ ಬಟ್ಟಲಿನಿಂದ ಒಂದು ಗುಟುಕು ಜೇನಿನ ಹೆಂಡ ಕುಡಿಯಬೇಕು. ಕುಡಿಯದ ಆಣೆ ನಮ್ಮಲ್ಲಿ ಆಣೆಯಲ್ಲ.

ದಂಡು ಕೂಡುವ ದಿನ ಬೆಳಕು ಹರಿಯುತ್ತಲೇ ನಾನು ಹೇಳಿಕಳಿಸಿದಂತೆ ಐನಾರ್‌ನ ಹೆಂಡತಿಯೂ ಇನ್ನೂ ಕೆಲವು ಹೆಂಗಸರೂ ಬಂದರು. ಹೆಂಡದ ಬಾನಿಗಳನ್ನು ಒಂದೊಂದಾಗಿ ಜೊಂಡಿಗೆ ಮಗುಚಿದೆವು. ಒಂದು ಬೇಸಿಗೆಯ ದುಡಿಮೆ ಅಷ್ಟೂ ಕೆಸರಿನಲ್ಲಿ ಇಳಿದುಹೋಯಿತು. ಅಲ್ಲಿದ್ದ ಬಾತುಗಳು ಆ ದಿನವೆಲ್ಲ ಸೊಟ್ಟಗೆ ನಡೆದವು. ನಾವು ನಕ್ಕೆವು ಕೂಡ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಕೈ ಹಚ್ಚಲಿಲ್ಲ, ತಡೆಯಲೂ ಇಲ್ಲ. ಆಮೇಲೆ ಕೋಲು ಹಿಡಿದು ದಿಬ್ಬ ಹತ್ತತೊಡಗಿದರು. ಮಗನ ದನಿ ಕೇಳಲು.

ದೊಡ್ಡಮನೆಯ ಅಂಗಳ ತುಂಬಿತ್ತು. ಈಟಿಯವರು ಒಂದು ಕಡೆ, ಊರಿನ ಗಂಡಸರು ಇನ್ನೊಂದು ಕಡೆ. ಮುಂದಿನ ಸಾಲಿನಲ್ಲೇ ಟೋವಿ, ತಲೆ ಬಾಚಿಕೊಂಡು, ಅಪ್ಪನ ಈಟಿ ಹಿಡಿದುಕೊಂಡು. ಒಡೆಯರು ಬಟ್ಟಲು ತರಲು ಹೇಳಿದರು. ನಾನು ತಂದೆ. ಅವರೆದುರಿಗೆ ಅದನ್ನು ಬೋರಲು ಹಿಡಿದೆ. ಒಂದು ಹನಿಯೂ ಬೀಳಲಿಲ್ಲ.

ಹೆಂಡ ಎಲ್ಲಿ ಎಂದು ಕೇಳಿದರು. ಚೆಲ್ಲಿದೆವು ಎಂದೆ. ಅಂಗಳದಲ್ಲಿ ಗುಸುಗುಸು ಎದ್ದಿತು. ಒಡೆಯರು ನಕ್ಕರು. ಹೆಂಗಸರ ಸಂಕಟ ತಮಗೆ ಅರ್ಥವಾಗುತ್ತದೆ, ಮೊದಲು ಮಕ್ಕಳು ತಮ್ಮ ತಂದೆಯರ ಕರೆ ಕೇಳಲಿ, ಆಮೇಲೆ ಹೊಳೆಯ ನೀರು ಕುಡಿದೇ ಆಣೆ ಮಾಡುತ್ತಾರೆ ಎಂದರು. ಹೆರ್ವಾಲ್ಡನ ಕಡೆ ತಿರುಗಿ, ಮೊದಲು ಆಲ್ರಿಕ್ ಎಂದರು.

ಹೆರ್ವಾಲ್ಡ್ ಮೆಟ್ಟಿಲ ಮೇಲೆ ಬಂದು ನಿಂತ. ಟೋವಿಯನ್ನು ನೋಡಿದ. ಬಾಯಿ ತೆರೆದ.

ಅದು ಆಲ್ರಿಕ್‌ನ ದನಿ. ಹಗ್ಗ ಜಗ್ಗುವಾಗ ಆಗುವಂತೆ ಪ್ರತಿ ಮಾತಿಗೆ ಮುಂಚೆ ಒಂದು ಚೂರು ಹಿಡಿದು ಬರುವ ದನಿ. ಬೇಡವೆಂದು ಹೇಳಿದ್ದೆ, ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡಿದ್ದೆ. ಕೈ ಮೇಲೆ ಬರಲಿಲ್ಲ.

"ನನ್ನ ಹೆಂಡ್ತಿ ಬಸುರಿ. ನಂಗೆ ಈಜು ಬರುತ್ತೆ. ಬಿಟ್ರೆ ಈ ಹೊಳೇಲೇ ಮನೆಗೆ ಹೋಗ್ಬಿಡ್ತೀನಿ, ಮತ್ತೆ ಈಟಿ ಮುಟ್ಟಲ್ಲ. ಬಿಡಣ್ಣ."

ಒಡೆಯರು ಹೇಳಿಕೊಟ್ಟದ್ದು ಇದಲ್ಲ ಎಂದು ಅಂಗಳಕ್ಕೆಲ್ಲ ತಿಳಿಯಲು ಒಂದು ಕ್ಷಣ ಹಿಡಿಯಿತು. ಅದು ಕಡವಿನಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ, ಆಲ್ರಿಕ್ ಅವನಿಗೆ ಹೇಳಿದ ಕೊನೆಯ ಮಾತು. ಅತ್ತೆ ಇದ್ದಲ್ಲೇ ನೆಲಕ್ಕೆ ಕೂತರು. ಒಡೆಯರು, ಇದಲ್ಲ, ಇದಲ್ಲ ಎಂದು ಮೆಲ್ಲಗೆ ತಿದ್ದಿದರು, ಹಾಡು ಮರೆತವನಿಗೆ ನೆನಪಿಸುವ ಹಾಗೆ. ಹೆರ್ವಾಲ್ಡ್ ನಿಲ್ಲಿಸಲಿಲ್ಲ. ಇನ್ನೊಂದು ದನಿ ಬಂತು: ದಂಡೆಯ ಮೇಲೆ ನನ್ನ ನಾಯಿ ಇದೆ, ಅದನ್ನು ಹೊಡೆಯಬೇಡಿ. ಇನ್ನೊಂದು, ಅವ್ವ ಎಂದಷ್ಟೇ. ಒಬ್ಬ ತನ್ನ ಹೆಸರನ್ನು ಹೇಳಿ, ನೀನೂ ಹೆಸರು ಹೇಳು ಎಂದ. ಒಬ್ಬ ಚಳಿ ಎಂದ. ಪ್ರತಿ ದನಿಗೂ ಅಂಗಳದ ಒಂದು ಮೂಲೆಯಲ್ಲಿ ಯಾರೋ ಒಬ್ಬರು ಉಸಿರು ಎಳೆದುಕೊಳ್ಳುತ್ತಿದ್ದರು. ಕಡವಿನಲ್ಲಿ ಸತ್ತವರೆಲ್ಲ ಒಡೆಯರ ಹೆಸರನ್ನು ಕೂಗುತ್ತಾ ಸತ್ತರು ಎಂದು ನಮ್ಮ ಹಾಡುಗಾರ ಪ್ರತಿ ಹಬ್ಬದಲ್ಲೂ ಹಾಡುತ್ತಿದ್ದ. ಒಬ್ಬನೂ ಕೂಗಿರಲಿಲ್ಲ.

ಟೋವಿಯ ಈಟಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

ಒಡೆಯರ ಮುಖ ಬಿಳಿಚಿತು. ಆಣೆ ಮುರಿದವನನ್ನು ಮುಗಿಸಿ ಎಂದು ತಮ್ಮ ಈಟಿಯವರಿಗೆ ಹೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹೇಡಿಗಳು ಯಾರೂ ಇರಲಿಲ್ಲ. ಆದರೆ ಹೆರ್ವಾಲ್ಡನನ್ನು ಕೊಂದವನ ಗಂಟಲಿಗೆ ಏನೇನು ಬಂದೀತು ಎಂದು ಎಲ್ಲರಿಗೂ ಈಗಷ್ಟೇ ಕೇಳಿಸಿತ್ತು. ಒಬ್ಬ ಒಂದು ಹೆಜ್ಜೆ ಮುಂದಿಟ್ಟ, ಹಿಂದಕ್ಕೆ ಇಟ್ಟ. ಉಳಿದವರು ಅದನ್ನೂ ಮಾಡಲಿಲ್ಲ. ಹೆರ್ವಾಲ್ಡ್ ಕತ್ತಿಗೆ ಕೈ ಹಾಕದೆ ಎರಡೂ ಕೈ ಇಳಿಬಿಟ್ಟು ನಿಂತಿದ್ದ.

ನಾನು ಮೆಟ್ಟಿಲು ಹತ್ತಿ ಅವನಿಗೂ ಒಡೆಯರಿಗೂ ನಡುವೆ ನಿಂತೆ. ಅವನನ್ನು ಉಳಿಸಲು ಅಲ್ಲ. ಒಂದು ಮಾತನ್ನು ಒಡೆಯರ ಮುಖ ನೋಡಿಕೊಂಡೇ ಹೇಳಬೇಕಿತ್ತು.

"ಒಡೆಯರೇ, ಇಷ್ಟು ಯುದ್ಧ ಮಾಡ್ಸಿದ್ರಿ. ಈ ಬೆಂಚಿನವರಲ್ಲಿ ಯಾರ ಗಂಟಲಲ್ಲೂ ಅವರ ದನಿ ಉಳಿದಿಲ್ಲ. ನಿಮ್ಮದು ಮಾತ್ರ ನಿಮ್ಮ ತಾಯಿ ಕೊಟ್ಟಿದ್ದೇ ಇದೆ. ಕೊಲ್ಲೋದಾದ್ರೆ ಈ ಸಲ ನೀವೇ ಕೊಲ್ಲಿ. ಅವನನ್ನಾದ್ರೂ ಸರಿ, ನನ್ನನ್ನಾದ್ರೂ ಸರಿ."

ಅವರು ಕತ್ತಿ ಎಳೆದರು. ಕತ್ತಿಯ ತುದಿ ನನ್ನ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅವರ ಗಂಟಲನ್ನೇ ನೋಡುತ್ತಿದ್ದೆ. ಅದು ಏರಿತು, ಇಳಿಯಿತು. ಅವರ ಎಡಗೈ ತಾನಾಗಿಯೇ ಮೇಲೆ ಬಂದು ಗಂಟಲನ್ನು ಮುಟ್ಟಿಕೊಂಡಿತು. ಅದನ್ನು ಎಲ್ಲರೂ ನೋಡಿದರು. ತಾವು ಮುಟ್ಟಿಕೊಂಡದ್ದನ್ನು ಎಲ್ಲರೂ ನೋಡಿದರೆಂದು ಅವರಿಗೂ ಗೊತ್ತಾಯಿತು. ಕತ್ತಿಯನ್ನು ಒರೆಗೆ ಹಾಕುವಾಗ ಎರಡು ಸಲ ತಪ್ಪಿತು. ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಆಮೇಲೆ ಊರಿನ ಗಂಡಸರು ದಿಬ್ಬ ಇಳಿದರು. ಹೆರ್ವಾಲ್ಡ್ ತೋಳಬಳೆಯನ್ನು ತೆಗೆದು ಮೆಟ್ಟಿಲ ಮೇಲಿಟ್ಟ. ಅದನ್ನು ತೆಗೆಯಲು ಕಷ್ಟವಾಯಿತು, ಮೊಣಕೈ ಊದಿತ್ತು. ಅವನು ಹೊಳೆಯ ಕಡೆ ನಡೆದಾಗ ನಾನು ಹಿಂದೆಯೇ ಹೋದೆ. ಕಡವಿನಲ್ಲಿ ತಿರುಗಿ ನಿಂತ. ಅವನು ಏನನ್ನೂ ಕೇಳಲಿಲ್ಲ, ಕೇಳಿದ್ದರೆ ನಾನು ಕೊಡುತ್ತಲೂ ಇರಲಿಲ್ಲ.

"ನಿನ್ನನ್ನ ಕ್ಷಮಿಸಿಲ್ಲ" ಎಂದೆ. "ಆಚೆ ದಡದಲ್ಲೂ ನಿನ್ನ ಗಂಟಲಲ್ಲಿರೋರ ಮನೆಗಳಿವೆ. ಒಂದನ್ನೂ ಬಿಡಬೇಡ."

ಅವನು ತಲೆಯಾಡಿಸಿ ನೀರಿಗೆ ಇಳಿದ. ಎದೆಮಟ್ಟ ಬಂತು, ಕತ್ತಿನ ಮಟ್ಟ ಬಂತು, ಆಮೇಲೆ ಆಚೆ ಏರಿದ. ಈಗಲೂ ಅವನು ಎಲ್ಲೋ ನಡೆಯುತ್ತಲೇ ಇದ್ದಾನೆ, ಬಾಗಿಲು ತಟ್ಟಿ ಒಂದು ಮಾತು ಹೇಳಿ ಮುಂದೆ ಹೋಗುತ್ತಾನೆ ಎಂದು ದೋಣಿಯವರು ಹೇಳುತ್ತಾರೆ. ಅದಕ್ಕೆ ಯಾರೂ ಹಾಡು ಕಟ್ಟಿಲ್ಲ.

ಮನೆಯಲ್ಲಿ ಟೋವಿ ಒಲೆಯ ಮುಂದೆ ಕೂತಿದ್ದ. ತಾನು ಹೊಟ್ಟೆಯಲ್ಲಿರುವುದು ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದ. ಅವನು ಹೊರಟ ಬೆಳಿಗ್ಗೆ ಹೇಳಿದ್ದೆ ಎಂದೆ. ಆಲ್ರಿಕ್ ಹೊಸ್ತಿಲ ಮೇಲೆ ಕೂತು ಪಾದರಕ್ಷೆಯ ದಾರ ಕಟ್ಟಿಕೊಳ್ಳುತ್ತಿದ್ದ. ನಾನು ಹೇಳಿದಾಗ ತಲೆ ಎತ್ತಲಿಲ್ಲ. ಈ ದಾರ ಲಡ್ಡಾಗಿದೆ, ಕಿತ್ತುಹೋಗುತ್ತದೆ ಎಂದಷ್ಟೇ ಹೇಳಿ ಎದ್ದು ಹೋದ. ಅವನಿಗೆ ಕೇಳಿಸಲಿಲ್ಲ ಎಂದುಕೊಂಡಿದ್ದೆ. ಇಷ್ಟು ವರ್ಷ ಆ ದಾರದ ಮೇಲೆ ನನಗೆ ಸಿಟ್ಟಿತ್ತು. ಅತ್ತೆ ಮೂಲೆಯಿಂದ ನಿಧಾನವಾಗಿ ಹೇಳಿದರು, ಬಿಡಣ್ಣ ಅಂದನಲ್ಲ, ಅದು ನಾನೇ ಕಲಿಸಿದ್ದು, ದೊಡ್ಡವರನ್ನು ಅಣ್ಣ ಅನ್ನಬೇಕು ಅಂತ. ನಾನು ಹೋಗಿ ಅವರ ಪಕ್ಕ ಕೂತೆ. ನಮ್ಮಿಬ್ಬರ ಜಗಳ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ದೊಡ್ಡಮನೆಯ ಪಾರುಪತ್ಯಗಾರ ಬಂದ. ಒಡೆಯರ ಅಪ್ಪಣೆಯಂತೆ ನಾನು ಚಳಿಗಾಲದೊಳಗೆ ಹೊಸ ಹೆಂಡ ಮಾಡಿ ಒಪ್ಪಿಸಬೇಕು, ಒಪ್ಪದಿದ್ದರೆ ಇವತ್ತೇ ಸಂಜೆಯೊಳಗೆ ಮನೆಮಂದಿಯ ಸಮೇತ ಊರು ಬಿಡಬೇಕು. ಒಳ್ಳೆಯ ಮನುಷ್ಯ, ನನಗೆ ಬುದ್ಧಿ ಹೇಳಿದ. ಕೋಪದಲ್ಲಿ ಏನಾದರೂ ಅನ್ನಬೇಡ, ಮೆಲ್ಲಗೆ ಹೇಳು, ನಾನು ಹೇಗೋ ತಿದ್ದಿ ಮುಟ್ಟಿಸುತ್ತೇನೆ ಎಂದ. ಅವನು ತಿದ್ದುವುದು ನನಗೆ ಬೇಕಿರಲಿಲ್ಲ. ಅವನನ್ನು ಅಲ್ಲೇ ನಿಲ್ಲಿಸಿ ಅಂಗಳಕ್ಕೆ ಬಂದೆ, ದಿಬ್ಬದ ಕಡೆ ಮುಖ ಮಾಡಿದೆ, ಹೆಂಡ ಮಾಡುವುದಿಲ್ಲ, ಊರು ಬಿಡುವುದಿಲ್ಲ ಎಂದು ನನ್ನ ಗಂಟಲಲ್ಲಿದ್ದಷ್ಟು ಶಕ್ತಿಯಿಂದ ಕೂಗಿದೆ. ಮೇಲೆ ಬಾಗಿಲು ತೆರೆಯಲಿಲ್ಲ. ಮತ್ತೆ ಕೂಗಿದೆ. ಆಗ ಟೋವಿ ಹೊರಗೆ ಬಂದು ನನ್ನ ಪಕ್ಕ ನಿಂತು ಅವನೂ ಕೂಗಿದ. ಅಪ್ಪನ ಹಾಗೆ ಹಿಡಿದು ಬರುವ ದನಿಯಲ್ಲ ಅದು. ಸ್ವಲ್ಪ ಒಡಕು, ಸ್ವಲ್ಪ ಹೆಚ್ಚೇ ಜೋರು, ಪೂರಾ ಅವನದೇ.